ಎಡೆಯಲ್ಲಿಟ್ಟ ಚೆಂಡು

ಸತ್ತವರ ಎಡೆಯಲ್ಲಿ ಬ್ಯಾಸ್ಕೆಟ್‌ಬಾಲ್ ಇಟ್ಟಿದ್ದನ್ನು ಎಲ್ಲಾದರೂ ನೋಡಿದ್ದೀರಾ? ಹೋದ ವಾರ ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಇಟ್ಟಿದ್ದೆವು.

ನಮ್ಮ ಯಜಮಾನರು ತೀರಿಕೊಂಡು ವರ್ಷ ತುಂಬಿತು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುವುದು ನಮ್ಮ ಕಡೆಯ ಪದ್ಧತಿ. ಹೊಸ ಪಂಚೆ, ಶರ್ಟು, ಮುದ್ದೆ, ಬಾಡಿನ ಸಾರು, ಪಾಯಸ, ಒಂದು ಕಟ್ಟು ಬೀಡಿ. (ಬೀಡಿ ಬಿಡಿಸಲು ಜೀವಮಾನವೆಲ್ಲ ಜಗಳವಾಡಿದ್ದೆ. ಈಗ ನಾನೇ ತರಿಸಿದೆ.)

ಅಗರದಿಂದ ಬಂದಿದ್ದ ಭಾವ ಬೀರುವಿನ ಮೇಲಿದ್ದ ಚೆಂಡನ್ನೂ ಇಳಿಸಿದರು. ಅದು ನನ್ನ ಮಗಳು ಚಂದನಾಳದು. ಹತ್ತನೇ ಕ್ಲಾಸಿನವಳು. ಅಪ್ಪ ಕಲಿಸಿದ ಆಟ. ಅಪ್ಪ ಹೋದ ಮೇಲೆ ಚೆಂಡು ಮುಟ್ಟಿರಲಿಲ್ಲ. ಸೋಮವಾರ ತಾಲ್ಲೂಕು ತಂಡದ ಸೆಲೆಕ್ಷನ್. ಪಿ.ಟಿ. ಮೇಷ್ಟ್ರು ಎರಡು ಸಲ ಹೇಳಿ ಕಳಿಸಿದ್ದರು. ಇವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು ಯಾವ ಬಾಯಲ್ಲಿ ಒತ್ತಾಯ ಮಾಡಲಿ?

ಚೆಂಡು ಮೆತ್ತಗಾಗಿತ್ತು. "ಠುಸ್ ಆದ ಬಾಲ್ ಮಡುಗುದ್ರೆ ನನ್ ತಮ್ಮ ಬೈಕಂಡೇ ಉಣ್ತಾನೆ" ಎಂದು ಭಾವ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿಕೊಂಡು ಬಂದರು. ವಿಭೂತಿ ಬಳಿದು ಎಲೆಯ ಹಿಂದೆ ಇಟ್ಟರು.

ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹೋದವರು ಬಂದು ಉಣ್ಣಲಿ ಅಂತ. ಸದ್ದು ಮಾಡಬಾರದು. ನಮ್ಮ ನೆಂಟರು ಸುಮ್ಮನಿರುತ್ತಾರೆಯೇ?

"ಇವ್ಳು ಸ್ಟಾರ್ ಆಯ್ತಾಳೆ ಅಂತಿದ್ದ ಕಣವ್ವ ಅವ್ನು. ಐದಡಿ ಇಲ್ಲ, ಯಾವ ಸ್ಟಾರು?" ಭಾವ ಶುರು ಮಾಡಿದರು.

ಹನೂರಿನ ನಾದಿನಿ ಬಿಡಲಿಲ್ಲ. "ಎತ್ರ ಇರೋರು ಬುಟ್ಟಿಗೆ ಆಕ್ತಾರೆ ಕಣಣ್ಣ. ಇವ್ಳು ಪಾಯಿಂಟ್ ಗಾರ್ಡು. ಬಾಲ್ ತಕಂಡೋಗಿ ಯಾರ್ಗೆ ಕೊಡ್ಬೇಕೋ ಅವ್ರಿಗೆ ಕೊಡೋಳು."

"ಅದ್ನೇ ನಾನೂ ಅಂದುದ್ದು. ಬಡ್ಸೋಳ ಫೋಟೋನ ಯಾವ ಪೇಪರ್ನೋರು ಆಕ್ತಾರೆ?"

"ಬಡ್ಸೋಳು ಇಲ್ದೆ ನೀನು ಉಣ್ಣು ನೋಡಾನ!"

ಚಂದನಾ ಮೊಣಕಾಲಿಗೆ ಗಲ್ಲ ಊರಿ ಕೂತಿದ್ದಳು. ನಗಲಿಲ್ಲ.

ಅಷ್ಟರಲ್ಲಿ ಒಳಗೆ ಏನೋ ಉರುಳಿತು. ಲೋಟ ಬಿತ್ತು. ಆಮೇಲೆ ಬಾಗಿಲನ್ನೇ ಯಾರೋ ಮೆತ್ತಗೆ ಗುದ್ದಿದ ಹಾಗಾಯಿತು.

ಚರ್ಚೆ ಅಲ್ಲಿಗೇ ನಿಂತಿತು. "ಬಂದ್ಬುಟ್ಟ ಕಣವ್ವ!" ಎಂದು ಭಾವ ಬೀದಿಗೇ ಇಳಿದರು.

ಬಾಗಿಲು ತೆರೆದವಳು ಚಂದನಾ. ಚೆಂಡು! ಪಾಯಸ ದಾಟಿ, ಸಾರಿನಲ್ಲಿ ಮಿಂದು, ಹೊಸ್ತಿಲಿಗೆ ಬಂದು ನಿಂತಿತ್ತು. (ನಮ್ಮ ನಡುಮನೆಯ ನೆಲ ಬಾಗಿಲ ಕಡೆಗೆ ಇಳಿಜಾರು. ಗಾಳಿ ತುಂಬಿದ ಚೆಂಡು ಮತ್ತೇನು ಮಾಡೀತು? ನಾನು ಯಾರಿಗೂ ಹೇಳಲು ಹೋಗಲಿಲ್ಲ.)

"ದೊಡ್ಡಪ್ಪ, ಉಂಡೋರು ಕೈ ತೊಳ್ಕೊಂಡಿಲ್ಲ" ಅಂದಳು. ಅಂದು ತಾನೇ ನಕ್ಕಳು. ಒಂದು ವರ್ಷದ ಮೇಲೆ.

ನಲ್ಲಿಯ ಕೆಳಗೆ ಚೆಂಡು ತೊಳೆದಳು. ಒಂದು ಸಲ ನೆಲಕ್ಕೆ ಬಡಿದಳು.

"ಎಡೆಗೆ ಮಡುಗಿದ್ನ ನೆಲಕ್ಕೆ ಬಡೀಬಾರ್ದು ಕಣವ್ವ" ಎಂದಳು ನಾದಿನಿ.

"ಎಡೆಗೆ ಮಡುಗಿದ ಪಂಚೆ ನಾನು ಉಡಾಕಿಲ್ವಾ? ಬಡೀಲಿ ಬುಡು" ಎಂದರು ಭಾವ. ಐದಡಿಯ ಮಾತು ಮತ್ತೆ ಎತ್ತಲಿಲ್ಲ.

ಸೋಮವಾರ ಹೋದಳು. ತಂಡಕ್ಕೆ ಹನ್ನೆರಡು ಹೆಸರು ಓದಿದರಂತೆ. ಇವಳದು ಹನ್ನೆರಡನೆಯದು.

ಸ್ಟಾರ್ ಆಗುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಈ ಬೆಳಿಗ್ಗೆ ಪಕ್ಕದ ಮನೆಯಾಕೆ ಬಂದು, "ಏನಕ್ಕಾ, ಮತ್ತೆ ಶುರುವಾಯ್ತಲ್ಲ ನಿಮ್ಮನೆ ಚೆಂಡಿನ ದಡಬಡ" ಎಂದು ರೇಗಿದರು.

ಕೂರಿಸಿ ಕಾಫಿ ಕೊಟ್ಟೆ.