ಬಾವಿಯ ಬಿರುಕಿಗೆ ನಾನು ಕೊಟ್ಟ ಹೆಸರು

ಕೊರೊನಾ ಕಳೆದು ಶಾಲೆಗಳು ಮತ್ತೆ ತೆರೆದಿದ್ದ ವರ್ಷ. ತಾಳವಾಡಿಯ ನಮ್ಮ ಮನೆಯ ಊಟದ ಮೇಜಿನಲ್ಲಿ ಒಂಬತ್ತನೇ ತರಗತಿಯ ಐದು ಹೆಣ್ಣುಮಕ್ಕಳಿಗೆ ನಾನು ಸಂಜೆ ಪಾಠ ಹೇಳುತ್ತಿದ್ದೆ. ಗೃಹಿಣಿಯಾದ ನನಗೆ ಹುದ್ದೆ ಎಂಬುದಿದ್ದರೆ ಅದೊಂದೇ. ನೇಮಕದ ಕಾಗದವಿಲ್ಲ, ನಾಲ್ಕೂವರೆಗೆ ಶುರು, ಒಲೆಯ ಮೇಲಿನ ಕುಕ್ಕರ್ ಮೂರನೇ ಸೀಟಿ ಹೊಡೆದಾಗ ಮುಕ್ತಾಯ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಎರಡು ವಿಷಯ ಚೆನ್ನಾಗಿ ಕಲಿಸಿದ್ದರು: ಸ್ಕೇಲು ಇಟ್ಟು ಚಿತ್ರ ಬರೆಯುವುದು, ಕೇಳಿದ್ದಕ್ಕೆ ತಡವರಿಸದೆ ಉತ್ತರಿಸುವುದು. ಎರಡನೆಯದೇ ನನಗೆ ಮುಳುವಾಯಿತು.

ಆ ವಾರದ ಪಾಠ ಭೂಮಿಯ ಒಳರಚನೆ. ಪುಸ್ತಕದಲ್ಲಿ ಮೊಟ್ಟೆಯ ಹೋಲಿಕೆ ಇತ್ತು. ನಮ್ಮ ಅಡುಗೆಮನೆಗೆ ಮೊಟ್ಟೆ ಬರುವುದಿಲ್ಲವಾದ್ದರಿಂದ ಮಾವಿನಹಣ್ಣು ಕೊಯ್ದು ತೋರಿಸಿದೆ. ಸಿಪ್ಪೆ ಕ್ರಸ್ಟ್, ತಿರುಳು ಮ್ಯಾಂಟಲ್, ಓಟೆ ಕೋರ್. ಬಂಡೆಯ ಮೇಲೆ ಬೀಳುವ ಒತ್ತಡ ಸ್ಟ್ರೆಸ್. ಅದರಿಂದ ಬಂಡೆಯ ಆಕಾರ ಬದಲಾಗುವುದು ಸ್ಟ್ರೇನ್. ನಿಧಾನವಾಗಿ ಬಾಗಿದರೆ ಫೋಲ್ಡ್, ಚಪಾತಿ ಹಿಟ್ಟಿನ ಹಾಗೆ. ಬಾಗಲಾರದ್ದು ಬಿಸ್ಕತ್ತಿನ ಹಾಗೆ ಬಿರಿಯುತ್ತದೆ. ಬಿರುಕಿನ ಎರಡು ಬದಿ ಒಂದರ ಪಕ್ಕ ಒಂದು ಜರುಗಿದ್ದರೆ ಫಾಲ್ಟ್, ಜರುಗದಿದ್ದರೆ ಜಾಯಿಂಟ್. ಫಾಲ್ಟ್ ಹಠಾತ್ತಾಗಿ ಜಾರಿದರೆ ಭೂಕಂಪ. ಆಳದಲ್ಲಿ ಅದು ಹುಟ್ಟುವ ಜಾಗ ಫೋಕಸ್, ಅದರ ನೇರ ಮೇಲೆ ನೆಲದ ಮೇಲಿರುವುದು ಎಪಿಸೆಂಟರ್. ಮಕ್ಕಳು ಬಿಸ್ಕತ್ತು ಮುರಿದು, ನೋಡಿ, ತಿಂದರು.

ಐವರಲ್ಲಿ ಪವಿತ್ರ ದೊಡ್ಡಗಾಜನೂರಿನವಳು. ಅವಳ ತಂದೆ ಮಾದಪ್ಪ ಬಾವಿ ತೋಡುವ ಕೆಲಸದಲ್ಲಿ ಪಳಗಿದವನು. ಆ ಬೇಸಿಗೆಯಲ್ಲಿ ತನ್ನದೇ ಹೊಲದಲ್ಲಿ ಬಾವಿ ಇಳಿಸುತ್ತಿದ್ದ. ಮೊಪೆಡ್ಡಿನಲ್ಲಿ ಮಗಳನ್ನು ಕರೆದೊಯ್ಯಲು ಬಂದಾಗ ಒಳಗೆ ಬರುತ್ತಿರಲಿಲ್ಲ. ಕಾಲು ಮಣ್ಣಾಗಿದೆ ಎಂದು ಮೆಟ್ಟಿಲ ಹತ್ತಿರವೇ ನಿಲ್ಲುತ್ತಿದ್ದ. ಆವತ್ತು ಕೊನೆಯಲ್ಲಿ ಪವಿತ್ರ ಮಾವಿನಹಣ್ಣಿನ ಪಾಠ ಒಪ್ಪಿಸಿದ್ದು ಅವನ ಕಿವಿಗೆ ಬಿದ್ದಿತ್ತು.

“ನೋಡಿ ಅಮ್ಮೋರೆ, ನಾನು ಮೂರು ತಿಂಗ್ಳು ಬಡ್ದು ನಲವತ್ತಡಿ ಓಗಿವ್ನಿ. ನಮ್ಮವ್ವ ನೋಡುದ್ರೆ ಒಂದು ಮಾವಿನಣ್ಣಲ್ಲಿ ಆರು ಸಾವ್ರ ಕಿಲೋಮೀಟ್ರು ಇಳ್ದುಬುಟ್ಲು!”

“ಸುಮ್ಕಿರಪ್ಪ,” ಎಂದು ಪವಿತ್ರ ನಾಚಿಕೊಂಡಳು.

ಮಾದಪ್ಪನಿಗೊಂದು ಪದ್ಧತಿಯಿತ್ತು. ಬಾವಿಯ ಗೋಡೆಯಲ್ಲಿ ಹೊಸ ಬಿರುಕು ಕಂಡರೆ ಅದರ ಮೇಲೆ ಅಡ್ಡಲಾಗಿ ಬೆರಳಲ್ಲಿ ಒಂದು ಸುಣ್ಣದ ಗೆರೆ ಎಳೆದು ಎರಡು ದಿನ ಬಿಡುವುದು. ಗೆರೆ ಮುರಿಯದಿದ್ದರೆ ಇಳಿಯುವುದು; ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಮೊದಲು ಆ ಬಂಡೆಯನ್ನು ಕೆಡವುವುದು. ಅವನ ಉಗುರಿನ ಸಂದಿಯಲ್ಲಿ ಸದಾ ಸುಣ್ಣ ಇರುತ್ತಿತ್ತು.

ಬಾವಿ ತೋಡುವವರು ಸೋಮವಾರ ಅಗೆಯುವುದಿಲ್ಲ, ಶಿವನ ವಾರ. ಆ ಸೋಮವಾರ ಬೆಳಗ್ಗೆ ಬಾವಿ ನೋಡಲೆಂದು ಇಳಿದ ಮಾದಪ್ಪನಿಗೆ ಹೊಸ ಬಿರುಕು ಕಂಡಿತು. ಗೆರೆ ಎಳೆದು ಬಂದ. ಸಂಜೆ ಪವಿತ್ರ ನೋಟುಪುಸ್ತಕದಲ್ಲಿ ಅದರ ಚಿತ್ರ ಬರೆದು ತಂದಳು. ಸ್ಕೇಲು ಇಟ್ಟೇ ಬರೆದಿದ್ದಳು. ಬಂಡೆಯೊಳಗೆ ಒಂದು ಬಿಳಿ ಕಲ್ಲಿನ ಪಟ್ಟೆ. ಬಿರುಕು ಅದನ್ನು ಸೀಳಿಕೊಂಡು ಹೋಗಿತ್ತು. ಆದರೂ ಪಟ್ಟೆ ಎರಡು ಕಡೆಯೂ ನೇರಕ್ಕೆ ನೇರ ಕೂಡುತ್ತಿತ್ತು.

“ಮಿಸ್, ಇದು ಫಾಲ್ಟಾ, ಜಾಯಿಂಟಾ? ಅಪ್ಪ ಕೇಳ್ಕಂಡು ಬಾ ಅಂದ್ರು.”

ನಾನು ಆ ಬಾವಿಯನ್ನು ನೋಡಿರಲಿಲ್ಲ. ಕೈಯಲ್ಲಿ ಒಗ್ಗರಣೆಯ ಸೌಟಿತ್ತು. ಪಟ್ಟೆ ಜರುಗಿಲ್ಲವಲ್ಲ, ಉತ್ತರ ಸುಲಭವೆನಿಸಿತು. “ಜಾಯಿಂಟ್,” ಎಂದೆ. “ಜಾಯಿಂಟ್ ಜರುಗುವುದಿಲ್ಲ. ವೆರಿ ಗುಡ್ ಡ್ರಾಯಿಂಗ್.”

ಆ ರಾತ್ರಿ ಸ್ವಲ್ಪ ಮಳೆ ಹನಿಯಿತು. ಮಂಗಳವಾರ ಪವಿತ್ರ ಪಾಠಕ್ಕೆ ಬರಲಿಲ್ಲ. ಸಂಜೆ ಹಾಲಿನವಳು ಹೇಳಿದಳು: ದೊಡ್ಡಗಾಜನೂರಿನಲ್ಲಿ ಬಾವಿಯ ಗೋಡೆ ಜಾರಿ ಮಾದಪ್ಪ ಹೋಗಿಬಿಟ್ಟ. ಮೇಲೆತ್ತಿದ ಬಂಡೆಯಲ್ಲಿ ಸುಣ್ಣದ ಗೆರೆಯ ಅರ್ಧ ಇತ್ತಂತೆ. ಇನ್ನರ್ಧ ಬಾವಿಯ ಗೋಡೆಯಲ್ಲೇ ಉಳಿದಿತ್ತಂತೆ.

ಕಾರ್ಯ ಮುಗಿಯುವವರೆಗೂ ಹೋಗಲು ನನಗೆ ಧೈರ್ಯ ಬರಲಿಲ್ಲ. ಹೋದಾಗ ಅವನ ಹೆಂಡತಿ ಸಿದ್ದಮ್ಮ ಜಗಲಿಯಲ್ಲಿ ರಾಗಿ ಕೇರುತ್ತಿದ್ದಳು. ಒಳಬಾಗಿಲ ಪಕ್ಕ ಗೋಡೆಗೆ ಒರಗಿ ಪವಿತ್ರ ಕೂತಿದ್ದಳು. ನನ್ನನ್ನು ಕಂಡವಳೇ ಮುಖ ತಿರುಗಿಸಿದಳು.

“ಆವತ್ತಿಂದ ಬಾಯೇ ಬುಟ್ಟಿಲ್ಲ ಕಣಮ್ಮ ಅವ್ಳು,” ಎಂದಳು ಸಿದ್ದಮ್ಮ. “ಬೆಳಿಗ್ಗೆ ಗಂಜಿ ಕುಡಿತಾ ಅವ್ರು ಅಂದ್ರು, ಗೆರೆ ನಾಳಗಂಟ ನಿಲ್ಲಲಿ, ಆಮೇಲೆ ಇಳೀವ ಅಂತ. ಇವ್ಳು, ‘ಅಪ್ಪ, ಅದು ಜಾಯಿಂಟು, ಜರುಗಾಕಿಲ್ವಂತೆ, ಮಿಸ್ ಏಳವ್ರೆ’ ಅಂದ್ಲು. ಅವ್ರು ನಕ್ಬುಟ್ಟು, ‘ಓದಿರೋರು ಏಳುದ್ಮೇಲೆ ಇನ್ನೇನವ್ವ, ಮಳೆ ಇಡ್ಕಳಾಕೆ ಮೊದ್ಲೇ ನೀರು ಕಾಣ್ಲಿ’ ಅಂತ ಜೊತೆಯೋರ್ನ ಕರ್ಕಂಡು ಓದ್ರು.”

ಮೊರ ನಿಂತಿತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ನಾನು ಪವಿತ್ರಳ ಎದುರು ನೆಲದ ಮೇಲೆ ಕೂತೆ. “ತಪ್ಪು ಹೇಳಿದ್ದು ನಾನು. ನೋಡದೆ ಹೇಳಿದೆ. ನೀನು ನನ್ನ ಮಾತನ್ನು ತಲುಪಿಸಿದೆ, ಅಷ್ಟೇ. ಇದು ನಿನ್ನದಲ್ಲ ಮಗಳೆ.”

ಅವಳು ಲಂಗದ ಅಂಚಿನ ದಾರ ಎಳೆದಳು. ಆಮೇಲೆ, “ಅಂಗಾರೆ ಬುಕ್ಕು ಸುಳ್ಳಾ, ಮಿಸ್?” ಎಂದಳು.

“ಸುಳ್ಳಲ್ಲ. ಇಲ್ಲಿಯವರೆಗೆ ಜರುಗಿಲ್ಲ ಅಂತಷ್ಟೇ ಬುಕ್ಕು ಹೇಳುವುದು. ಇನ್ನು ಮುಂದೆಯೂ ಜರುಗಲ್ಲ ಅಂತ ಸೇರಿಸಿದವಳು ನಾನು. ಅದು ಗೊತ್ತಾಗಬೇಕಾದರೆ ಕಾಯಬೇಕು. ನಿಮ್ಮಪ್ಪನಿಗೆ ಅದು ಗೊತ್ತಿತ್ತು.”

ಆಗ ಅವಳು ಅತ್ತಳು. ಅಪ್ಪ ಹೋದಾಗಿನಿಂದ ಅವಳು ಅತ್ತದ್ದು ಅದೇ ಮೊದಲು ಎಂದು ಆಮೇಲೆ ತಿಳಿಯಿತು.

ಹೊರಡುವಾಗ ಕ್ಷಮೆ ಕೇಳಲು ಬಾಯಿ ತೆರೆದೆ. ಸಿದ್ದಮ್ಮ ತಡೆದಳು. “ನೀವು ಬಂದು ಏಳುದ್ರಿ, ಇನ್ನು ಪರ್ವಾಗಿಲ್ಲ ಅನ್ನಕ್ಕೆ ನಂಗಾಗಕಿಲ್ಲ ಅಮ್ಮೋರೆ. ಬುಕ್ಕು ಕೊಟ್ಟು ಅವ್ಳ್ನ ಪಾಠಕ್ಕೆ ಕಳುಸ್ತೀನಿ. ನೀರು ಕುಡ್ಕಂಡು ಓಗಿ.”

ಒಂದು ಚೊಂಬು ನೀರು ಕೊಟ್ಟಳು. ಪಕ್ಕದ ಹೊಲದ ಬಾವಿಯಿಂದ ತಂದದ್ದು.

ಪವಿತ್ರ ಮತ್ತೆ ಬಂದಳು. ಕಡಿಮೆ ಮಾತಾಡಿದಳು, ಚೆನ್ನಾಗಿ ಓದಿದಳು. ಈಗ ಸತ್ಯಮಂಗಲದ ಹಾಸ್ಟೆಲಿನಲ್ಲಿದ್ದಾಳೆ. ಮಾದಪ್ಪನ ಬಾವಿಗೆ ಮುಳ್ಳು ಮುಚ್ಚಿದ್ದಾರೆ.

ನನ್ನ ಪಾಠ ಇನ್ನೂ ನಡೆಯುತ್ತಿದೆ. ಮಕ್ಕಳು ಏನಾದರೂ ಕೇಳಿದಾಗ, “ನನಗೆ ಗೊತ್ತಿಲ್ಲ, ನೋಡಿ ಹೇಳುತ್ತೇನೆ,” ಎನ್ನುವುದನ್ನು ಈ ವಯಸ್ಸಿನಲ್ಲಿ ಕಲಿತಿದ್ದೇನೆ. ಸಿಸ್ಟರ್‌ಗಳು ಇದ್ದಿದ್ದರೆ ಕೋಲು ಎತ್ತುತ್ತಿದ್ದರು. ನಮ್ಮ ಮನೆಯ ಮೆಟ್ಟಿಲಲ್ಲಿ, ಮಾದಪ್ಪ ಬಂದು ನಿಲ್ಲುತ್ತಿದ್ದ ಕಡೆಯಲ್ಲೇ, ಕಲ್ಲು ಸ್ವಲ್ಪ ಬಿರಿದಿದೆ. ಆ ಅಧ್ಯಾಯ ಬಂದ ದಿನ ಬಟ್ಟಲಲ್ಲಿ ಸುಣ್ಣ ಕಲಸಿ, ಒಬ್ಬಳಿಂದ ಬಿರುಕಿನ ಮೇಲೆ ಅಡ್ಡಗೆರೆ ಎಳೆಸುತ್ತೇನೆ.

“ಇದು ಯಾವುದು ಮಿಸ್, ಫಾಲ್ಟಾ ಜಾಯಿಂಟಾ?” ಎಂದು ಕೇಳುತ್ತಾರೆ.

ಪುಸ್ತಕ ಮುಚ್ಚಿಸಿ ಮನೆಗೆ ಕಳುಹಿಸುತ್ತೇನೆ. ಎರಡು ದಿನ ಆ ಮೆಟ್ಟಿಲನ್ನು ನಾನೂ ತುಳಿಯುವುದಿಲ್ಲ.