ಕ್ಯಾಸಂಬಳ್ಳಿಗೆ ಹೋದ ಹಸು

ಆಗ ನಾನು ಪಶುವೈದ್ಯಕೀಯ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಲಸಿಕೆ ಕೊಟ್ಟ ಮೇಲೆ ರೋಗವನ್ನು ಎದುರಿಸುವ ಶಕ್ತಿ ಹಸುವಿನ ಮೈಯಲ್ಲಿ ಎಷ್ಟು ಕಾಲ ನಿಲ್ಲುತ್ತದೆ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಒಂದೇ ಹಸುವಿನಿಂದ ಮೂರು ಸಲ ರಕ್ತ ತೆಗೆಯಬೇಕು: ಲಸಿಕೆಗೆ ಮೊದಲು, ತಿಂಗಳು ಕಳೆದ ಮೇಲೆ, ಮತ್ತೆ ಆರು ತಿಂಗಳಿಗೆ. ಬೂದಿಕೋಟೆ ಸುತ್ತಲಿನ ಹಳ್ಳಿಗಳನ್ನೇ ಆರಿಸಿಕೊಂಡೆ. ಕೆಜಿಎಫ್‌ನಲ್ಲಿ ಅಮ್ಮನ ಮನೆ ಇದ್ದದ್ದರಿಂದ ಊಟದ ಚಿಂತೆ ಇರಲಿಲ್ಲ.

ಮೂರನೇ ಸಲ ಹೋದಾಗ ಒಬ್ಬ ಅಜ್ಜಿಯ ಕೊಟ್ಟಿಗೆ ಖಾಲಿಯಾಗಿತ್ತು. ಆ ಹಸು ಕೈತಪ್ಪಿದರೆ ಮೊದಲಿನ ಎರಡು ಮಾದರಿಗಳೂ ವ್ಯರ್ಥ.

"ಮಾರಿಬಿಟ್ರಾ ಅಜ್ಜಿ?"

"ಮಾರೋದಾ? ಮಗಳಿಗೆ ಬಾಣಂತನ ಆಯ್ತಲ್ಲ, ಮನೇಲಿ ಹಾಲಿರ್ಲಿ ಅಂತ ಕ್ಯಾಸಂಬಳ್ಳಿ ತಾವ ಅವಳ ಮನೇಗೆ ಒಡ್ಕೊಂಡೋಗಿ ಬಿಟ್ಟೆ."

ವಿಳಾಸ ಕೇಳಿದೆ. ಅಜ್ಜಿ ಆಗಲೇ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. "ನಾನೂ ಬತ್ತೀನಿ. ನಾನಿಲ್ದೆ ಓದ್ರೆ ಅದು ನಿನ್ನ ಒದ್ದು ಓಡಿಸ್ತದೆ."

ಮಾದರಿಗಳ ಐಸ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ನನ್ನ ಸ್ಕೂಟರಿನ ಹಿಂದೆ ಅಡ್ಡಡ್ಡ ಕೂತಳು. ಹಳ್ಳದಲ್ಲಿ ಗಾಡಿ ಎಗರಿದಾಗೆಲ್ಲ ನನ್ನನ್ನಲ್ಲ, ಪೆಟ್ಟಿಗೆಯನ್ನೇ ಅವುಚಿಕೊಳ್ಳುತ್ತಿದ್ದಳು.

ಮಗಳ ಮನೆಯ ಮುಂದೆ ಬೇವಿನ ಮರಕ್ಕೆ ಕಟ್ಟಿದ್ದ ಹಸು ಅಜ್ಜಿಯನ್ನು ಕಂಡದ್ದೇ ಹಗ್ಗ ಜಗ್ಗಿ ಅಂಬಾ ಎಂದಿತು. ಅಜ್ಜಿ ನೆಟ್ಟಗೆ ಹೋಗಿ ಅದರ ಕೊರಳು ತಬ್ಬಿದಳು. ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದ ಮಗಳು, "ಮೊಮ್ಮಗ ಆಮೇಲೆ, ಅಸು ಮೊದ್ಲು. ನೋಡಮ್ಮ ನಮ್ಮವ್ವನ್ನ!" ಎಂದು ನಕ್ಕಳು.

ಸೂಜಿ ಹಿಡಿದು ನಾನು "ನಿಲ್ಲು, ನಿಲ್ಲು" ಎಂದರೆ ಹಸು ತಲೆ ಕೊಡವಿತು.

"ಕನ್ನಡ ಬರಾಕಿಲ್ಲ ಅದಕ್ಕೆ. ಗಡಿ ಆಚೆಯಿಂದ ತಂದಿದ್ದು," ಎಂದು ಅಜ್ಜಿ ಅದರ ಕಿವಿಯ ಹತ್ತಿರ ತೆಲುಗಿನಲ್ಲಿ ಪಿಸುಗುಟ್ಟಿದಳು: "ಕದಲಕು ತಲ್ಲೀ." ಅಲುಗಬೇಡ ತಾಯಿ, ಎಂದು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ ಮಾತಾಡಿ ಬೆಳೆದ ನಾನೂ ಅದನ್ನೇ ಹೇಳಲು ಹೋದೆ. ನನ್ನ ಉಚ್ಚಾರಣೆಗೆ ತಾಯಿ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ಹಸು ಮಾತ್ರ ನನ್ನ ಮಾನ ಉಳಿಸಿ ಸುಮ್ಮನೆ ನಿಂತಿತು. ಕೊಳವೆ ತುಂಬಿತು.

ಕೆಲವು ವಾರಗಳಾದ ಮೇಲೆ ಅಜ್ಜಿಗೆ ಫೋನ್ ಮಾಡಿ, ನಿಮ್ಮ ಹಸುವಿನಲ್ಲಿ ಶಕ್ತಿ ಚೆನ್ನಾಗಿ ಉಳಿದಿದೆ ಎಂದೆ.

"ಇರದೆ? ದಿನಾ ಉರುಳಿ ಬೇಯಿಸಿ ಇಕ್ಕಿದೀನಿ," ಎಂದಳು. ಲಸಿಕೆಯ ಮಾತು ಎತ್ತಲು ನನಗೆ ಮನಸ್ಸು ಬರಲಿಲ್ಲ. ಅವಳೇ ಕೇಳಿದಳು: "ಇನ್ನೊಂದ್ ಸಲ ರಕ್ತ ಬೇಡ್ವಾ?"

ಬೇಕಿರಲಿಲ್ಲ. ಹಾಗಂತ ಹೇಳಿಯೂಬಿಟ್ಟೆ. "ಅಂಗಾದ್ರೆ ನೀನು ಆ ಕಡೆ ಬರಾಕಿಲ್ಲ," ಎಂದಳು.

"ಭಾನುವಾರ ರೆಡಿಯಾಗಿರಿ ಅಜ್ಜಿ, ಸುಮ್ನೆ ಕ್ಯಾಸಂಬಳ್ಳಿಗೆ ಹೋಗಿ ನೋಡ್ಕೊಂಡು ಬರೋಣ," ಎಂದೆ.

"ಪೆಟ್ಟಿಗೆ ತರ್ಬೇಡ ಮತ್ತೆ," ಎಂದಳು. "ಮಗೂಗೆ ಬಟ್ಟೆ ಒಲಿಸಿದೀನಿ, ಗಂಟು ಇಡ್ಕೊಬೇಕು."