ಗೆಣ್ಣಿಗೊಂದು ಪದ

ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಯಶೋಧರಾ ಹನ್ನೊಂದು ವರ್ಷದಿಂದ ನರ್ಸ್. ಸೂಜಿ ಚುಚ್ಚಿದ್ದು ರೋಗಿಗೆ ತಿಳಿಯುವುದಿಲ್ಲ, ಅಷ್ಟು ಹಗುರವಾದ ಕೈ. ಕಳೆದ ಡಿಸೆಂಬರಿನಲ್ಲಿ ಜ್ವರ ಬಂದು ನಾನು ಅಲ್ಲಿ ಮೂರು ದಿನ ಮಲಗಿದ್ದೆ. ಪಾಳಿ ಬದಲಾಗುವ ಹೊತ್ತಿಗೆ ಅವಳು ಡಾಕ್ಟರಿಗೆ ಇಂಗ್ಲಿಷಿನಲ್ಲಿ ವರದಿ ಒಪ್ಪಿಸುತ್ತಿದ್ದಳು.

“ಪೇಷೆಂಟ್... ಈಸ್... ಔಟ್... ಆಫ್... ಡೇಂಜರ್.”

ಪದಕ್ಕೊಂದರಂತೆ ಅವಳ ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಸರಿಯುತ್ತಿತ್ತು. ಡಾಕ್ಟರು ಅತ್ತ ಹೋದ ಮೇಲೆ ಕಿರಿಯ ನರ್ಸ್ ಪ್ರಿಯಾಂಕಾ, “ಅಕ್ಕ, ನೀನು ಇದನ್ನ ಹೇಳಿ ಮುಗಿಸೋದ್ರೊಳಗೆ ಪೇಷೆಂಟ್ ಎದ್ದು ಮನೆಗೆ ಹೋಗಿರ್ತಾನೆ ಕಣೇ!” ಎಂದು ನಕ್ಕಳು.

“ನಗಬೇಡ್ವೇ. ಇದು ನಮ್ ಮೇಷ್ಟ್ರು ಕಲಿಸಿದ್ದು. ನೋಡು, ಅಲ್ಲೇ ಮಲಗವ್ರೆ,” ಎಂದು ಯಶೋಧರಾ ಹೆಮ್ಮೆಯಿಂದ ನನ್ನ ಕಡೆ ತೋರಿಸಿದಳು.

ನಾನು ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡೆ.

ಕಲಿಸಿದವನು ನಾನೇ. ಅಜ್ಜಂಪುರದ ಕಡೆಯ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಬಂದಾಗ ಈ ಹುಡುಗಿ ರೇಡಿಯೊ ಕೇಳಿ ಕೇಳಿ ಇಂಗ್ಲಿಷಿನ ಮಾತುಗಳನ್ನು ಇಡಿಯಾಗಿ ಹಿಡಿದಿದ್ದಳು. ಒಂದು ದಿನ ಏಕೆ ತಡವೆಂದು ಕೇಳಿದರೆ, “ಬಸ್ ಕಮ್ಸ್ ಒನ್ಸ್ ಇನ್ ಎ ವೈಲ್, ಸಾರ್,” ಎಂದು ಸರಾಗವಾಗಿ ಹೇಳಿಬಿಟ್ಟಳು. ಮೆಚ್ಚುವ ಬದಲು, ಅದರಲ್ಲಿ ‘ಇನ್’ ಏಕೆ ಬಂತು, ‘ವೈಲ್’ ಎಂದರೇನು ಎಂದು ಪ್ರಶ್ನಿಸಿದೆ. ಅವಳಿಗೆ ತಿಳಿಯಲಿಲ್ಲ. “ಗಿಳಿಪಾಠ ಒಪ್ಪಿಸ್ತೀಯೇನೇ?” ಎಂದೆ. ತರಗತಿಯೆಲ್ಲ ನಕ್ಕಿತು. ಗೆಣ್ಣಿಗೊಂದು ಪದ, ಪದಕ್ಕೊಂದು ಅರ್ಥ: ಹಾಗೆ ಎಣಿಸದೆ ಬಾಯಿ ತೆರೆಯಕೂಡದೆಂದು ವರ್ಷವಿಡೀ ಅವಳನ್ನು ತಿದ್ದಿದೆ. ವಿಧೇಯ ಹುಡುಗಿ, ತಿದ್ದಿಕೊಂಡಳು.

ನನ್ನ ಜ್ವರ ಬಿಟ್ಟ ವಾರದಲ್ಲೇ ಆಸ್ಪತ್ರೆಯಲ್ಲಿ ವಾರ್ಡಿನ ಇನ್‌ಚಾರ್ಜ್ ಕೆಲಸ ಖಾಲಿಯಾಯಿತು. ಆ ಕೆಲಸದವರು ದೊಡ್ಡ ಡಾಕ್ಟರುಗಳೊಂದಿಗೆ ಫೋನಿನಲ್ಲಿ ಇಂಗ್ಲಿಷ್ ಆಡಬೇಕು, ಅದಕ್ಕಾಗಿ ಸಂದರ್ಶನ. ಅಭ್ಯಾಸ ಮಾಡಲು ಯಶೋಧರಾ ಭಾನುವಾರ ಕಡೂರಿನ ನಮ್ಮ ಮನೆಗೆ ಬಂದಳು. ಅರ್ಧ ಗಂಟೆ ಬರೀ ಗೆಣ್ಣೆಣಿಕೆ. ಒಳಗಿನಿಂದ ನನ್ನ ಹೆಂಡತಿ ಪ್ರೇಮಮ್ಮ ಬಂದು, “ಬರೀ ಕೈಲಿ ಕೂತು ಏನ್ ಮಾತಾಡ್ತೀಯವ್ವಾ, ಇದನ್ನಾದ್ರೂ ಬಿಡಿಸು,” ಎಂದು ಮೊರದ ತುಂಬ ಅವರೆಕಾಯಿ ಇಟ್ಟಳು.

ಎರಡು ಕೈಗೂ ಕೆಲಸ ಬಿತ್ತು. ನಾನು ಪ್ರಶ್ನೆ ಕೇಳುತ್ತಾ ಹೋದೆ. ‘ಆಸ್ ಸೂನ್ ಆಸ್ ಪಾಸಿಬಲ್’, ‘ಫ್ರಮ್ ಟೈಮ್ ಟು ಟೈಮ್’ ಎಂದು ಮಾತುಗಳು ಹಿಂದಿನಂತೆ ಇಡಿಯಾಗಿ ಬಂದವು. ಅವಳೇ ಬೆಚ್ಚಿ ನಿಲ್ಲಿಸಿದಳು.

“ಸಾರ್, ಎಣಿಸಲೇ ಇಲ್ವಲ್ಲ! ತಪ್ಪಾಯ್ತಾ?”

“ಇಲ್ಲ,” ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಧೈರ್ಯ ಬರಲಿಲ್ಲ.

ಗುರುವಾರ ಮಧ್ಯಾಹ್ನ ಸಂದರ್ಶನ ಮುಗಿಸಿ ಯಶೋಧರಾ ಫೋನ್ ಮಾಡಿದಳು. “ಸಾರ್, ಅವ್ರು ಅವರೆಕಾಯಿ ಕೊಡ್ಲಿಲ್ಲ ಕಣ್ರೀ,” ಎಂದು ನಕ್ಕಳು. ಬರಿಗೈಯಲ್ಲಿ ಕುರ್ಚಿಯ ಮೇಲೆ ಕೂತೊಡನೆ ಅವಳ ಬೆರಳುಗಳು ತಮ್ಮ ಎಣಿಕೆ ಶುರುಮಾಡಿದ್ದವು. ಹುದ್ದೆ ಪ್ರಿಯಾಂಕಾಗೆ ಹೋಯಿತಂತೆ.

“ಯಶೋಧರಾ, ಅವತ್ತು ಬಸ್ಸಿನ ವಿಷಯ ಹೇಳಿದೆಯಲ್ಲ, ಅದು ಸರಿಯಾಗಿಯೇ ಇತ್ತಮ್ಮ. ನಾನೇ ಕೆಡಿಸಿದೆ.”



“ನಂಗೂ ಹಂಗೇ ಅನ್ನಿಸ್ತಿತ್ತು ಸಾರ್,” ಎಂದಳು. “ಭಾನುವಾರ ಬತ್ತೀನಿ. ಅವರೆಕಾಯಿ ತಂದಿಟ್ಟಿರಿ.”